ಕಡಲನ್ನು ಕಾಣದೆ ಬೆಳೆದ ಕಡಲಿನ ವಿದುಷಿ: ರೇಚಲ್ ಕಾರ್ಸನ್

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ಸೀಮೆಗಳ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಸಮುದ್ರವನ್ನು ಕಣ್ಣಾರೆ ಕಂಡವರಲ್ಲ. ಚನ್ನಗಿರಿಯವರಿಗೆ ಶಾಂತಿಸಾಗರವೆನಿಸಿದ ಸೂಳೆಕೆರೆಯೇ ಸಾಗರ; ಹೊನ್ನಾಳಿ ನ್ಯಾಮತಿಗಳ ಕಡೆಯವರಿಗೆ ಮಳೆಗಾಲದಲ್ಲಿ ಉಕ್ಕಿ ಹರಿಯುವ ತುಂಗಭದ್ರೆಯೇ ಸಾಗರ; ಜಗಳೂರಿನ ಬಯಲುಸೀಮೆಯವರಿಗಾದರೋ ಕೆರೆಯು ತುಂಬಿದ ದಿನವೇ ಒಂದು ಹಬ್ಬ. ಇಂತಹ ಒಳನಾಡಿನಲ್ಲಿ ಬೆಳೆದ ಹುಡುಗಿಯೊಬ್ಬಳು ಕಡಲಿನ ಜೀವಿಗಳ ಶಾಸ್ತ್ರವನ್ನು ಕಲಿಯಬೇಕೆಂದು ಹೊರಟರೆ, ಅದರಿಂದ ಆಗಬೇಕಾದುದೇನು ಎಂದು ಹಿರಿಯರು ಕೇಳುವುದು ಸಹಜವೇ ಸರಿ. ಆ ಪ್ರಶ್ನೆಗೆ ಉತ್ತರವಾಗಿ ಒಬ್ಬ ಮಹಿಳೆಯ ಜೀವಿತವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಬಯಸುತ್ತೇವೆ.

ರೇಚಲ್ ಕಾರ್ಸನ್ ಎಂಬ ಈಕೆಯು ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಸ್ಪ್ರಿಂಗ್‌ಡೇಲ್ ಎಂಬ ಊರಿನಲ್ಲಿ 1907ನೆಯ ಇಸವಿ ಮೇ 27ರಂದು ಜನಿಸಿದಳು. ಆ ಊರು ಸಮುದ್ರಕ್ಕೆ ಬಹು ದೂರ. ಆಲೆಘನಿ ಎಂಬ ನದಿಯೊಂದೇ ಅಲ್ಲಿನ ಜಲಸಂಪತ್ತು. ತಂದೆಯು ಅಲ್ಪ ವರಮಾನದವನು. ತಾಯಿ ಮರಿಯಾ ಸಭಾಪಾಲಕರೊಬ್ಬರ ಮಗಳು. ವಿವಾಹಕ್ಕೆ ಮುಂಚೆ ಉಪಾಧ್ಯಾಯಿನಿಯಾಗಿದ್ದವಳು. ಶಾಲೆಯ ಕೆಲಸವನ್ನು ಬಿಟ್ಟ ಆ ತಾಯಿಯು ತನ್ನ ವಿದ್ಯೆಯನ್ನೆಲ್ಲಾ ಕಿರಿಯ ಮಗಳಿಗೆ ಧಾರೆಯೆರೆದಳು. ಹೊಲ ತೋಪುಗಳಲ್ಲಿ ಕೈಹಿಡಿದು ನಡೆಸಿ, ಹಕ್ಕಿಯ ಗೂಡನ್ನೂ ಹುಳುವಿನ ಹಾದಿಯನ್ನೂ ತೋರಿಸಿ, ಯಾವ ಪ್ರಾಣಿಯನ್ನೂ ನಿಷ್ಕಾರಣವಾಗಿ ಹಿಂಸಿಸಬಾರದೆಂಬ ಪಾಠವನ್ನು ಕಲಿಸಿದಳು. ಬಾಲಕಿಯು ಹನ್ನೊಂದು ವರ್ಷದವಳಾಗಿದ್ದಾಗಲೇ ಆಕೆಯ ಕಥೆಯೊಂದು ಮಕ್ಕಳ ಮಾಸಪತ್ರಿಕೆಯಲ್ಲಿ ಅಚ್ಚಾಯಿತು.

1925ರಲ್ಲಿ ರೇಚಲಳು ಪಿಟ್ಸ್‌ಬರ್ಗ್ ನಗರದ ಪೆನ್ಸಿಲ್ವೇನಿಯಾ ಮಹಿಳಾ ಕಾಲೇಜನ್ನು ಸೇರಿದಳು. ವಿದ್ಯಾರ್ಥಿವೇತನವು ಸಾಲದೆ ಹೋದುದರಿಂದ ತಾಯಿಯು ಪಿಯಾನೋ ಪಾಠವನ್ನು ಹೇಳಿಯೂ ಮನೆಯ ಪಿಂಗಾಣಿ ಪಾತ್ರೆಗಳನ್ನು ಮಾರಿಯೂ ಹಣವನ್ನು ಕೂಡಿಸಿದಳು. ಹೆಣ್ಣುಮಗಳ ಓದಿಗಾಗಿ ಓಲೆ ಬಳೆಗಳನ್ನು ಅಡವಿಟ್ಟ ತಾಯಂದಿರು ನಮ್ಮಲ್ಲಿಯೂ ಇಲ್ಲದಿಲ್ಲ. ಅವರಿಗೆ ಈ ತಾಯಿಯ ಮನಸ್ಸು ಚೆನ್ನಾಗಿ ಅರ್ಥವಾದೀತು.

ಸಾಹಿತ್ಯವನ್ನು ಓದಿ ಲೇಖಕಿಯಾಗಬೇಕೆಂಬುದು ಮೊದಲು ಆಕೆಯ ಉದ್ದೇಶವಾಗಿತ್ತು. ಆದರೆ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಉಪಾಧ್ಯಾಯಿನಿಯ ಜೀವಶಾಸ್ತ್ರದ ಪಾಠವು ಆಕೆಯ ಮನಸ್ಸನ್ನು ಸೆರೆಹಿಡಿಯಿತು. ವಿಜ್ಞಾನದಲ್ಲಿ ಸ್ತ್ರೀಯರಿಗೆ ಜೀವನೋಪಾಯವಿಲ್ಲವೆಂದು ಬಲ್ಲವರು ಎಚ್ಚರಿಸಿದರೂ 1928ರಲ್ಲಿ ಆಕೆಯು ತನ್ನ ಮುಖ್ಯ ವಿಷಯವನ್ನು ಬದಲಾಯಿಸಿಕೊಂಡಳು. 1929ರಲ್ಲಿ ಪದವಿಯನ್ನು ಪಡೆದು, ಆ ಬೇಸಗೆಯಲ್ಲಿ ವುಡ್ಸ್ ಹೋಲ್ ಎಂಬಲ್ಲಿರುವ ಸಮುದ್ರ ಜೀವಶಾಸ್ತ್ರದ ಪ್ರಯೋಗಶಾಲೆಗೆ ಹೋದಳು. ಸಮುದ್ರವನ್ನು ಆಕೆಯು ಮೊದಲು ಕಂಡುದು ಆಗಲೇ. ಆಗ ವಯಸ್ಸು ಇಪ್ಪತ್ತೆರಡು!

ಅನಂತರ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದಲ್ಲಿ ಉನ್ನತ ವ್ಯಾಸಂಗವು ಆರಂಭವಾಯಿತು. ಸಂಶೋಧನೆಯ ದಾರಿಯು ಹೂವಿನ ಹಾಸಿಗೆಯಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಮೊದಲು ಆಮೆ ಮೊದಲಾದ ಪ್ರಾಣಿಗಳ ತಲೆಯ ನರವನ್ನು ಪರೀಕ್ಷಿಸಹೊರಟು ಫಲವನ್ನು ಕಾಣದೆ ಆಕೆಯು ಆ ವಿಷಯವನ್ನೇ ಬಿಡಬೇಕಾಯಿತು. ಕೊನೆಗೆ ಮೀಸೆಯುಳ್ಳ ಒಂದು ಜಾತಿಯ ಸಿಹಿನೀರಿನ ಮೀನಿನ ಮರಿಯಲ್ಲಿ ಪ್ರಾರಂಭದ ಮೂತ್ರಪಿಂಡವು ಹೇಗೆ ಬೆಳೆಯುವುದೆಂಬುದನ್ನು ಕುರಿತು ಪ್ರಬಂಧವನ್ನು ಬರೆದು 1932ರಲ್ಲಿ ಎಂ.ಎ. ಪದವಿಯನ್ನು ಪಡೆದಳು. ಅದೇ ಬಗೆಯ ಮೀಸೆಯ ಮೀನುಗಳು ನಮ್ಮ ಸೂಳೆಕೆರೆಯಲ್ಲಿಯೂ ಉಂಟು. ಈ ವ್ಯಾಸಂಗದ ಕಾಲದಲ್ಲಿ ಅಮೆರಿಕದಲ್ಲಿ ಘೋರವಾದ ಆರ್ಥಿಕ ಮುಗ್ಗಟ್ಟು. ಆಕೆಯು ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿ ದುಡಿಯುತ್ತಲೂ ಪಾಠ ಹೇಳುತ್ತಲೂ ಓದಿದಳು. ಆದರೂ ಡಾಕ್ಟರ್ ಪದವಿಯ ವ್ಯಾಸಂಗವನ್ನು ಹಣದ ಅಭಾವದಿಂದ 1934ರಲ್ಲಿ ನಿಲ್ಲಿಸಬೇಕಾಯಿತು. ಮರುವರ್ಷವೇ ತಂದೆಯು ತೀರಿಕೊಂಡನು. 1937ರಲ್ಲಿ ಅಕ್ಕನೂ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಮೃತಳಾದಳು. ಮುಪ್ಪಿನ ತಾಯಿಯನ್ನೂ ತಬ್ಬಲಿ ಮಕ್ಕಳನ್ನೂ ಸಾಕುವ ಹೊಣೆಯು ಮೂವತ್ತು ತುಂಬದ ಅವಿವಾಹಿತೆಯ ಹೆಗಲ ಮೇಲೆ ಬಿದ್ದಿತು.

ಅರ್ಧಕ್ಕೆ ನಿಂತ ವಿದ್ಯೆಯು ವ್ಯರ್ಥವಾಯಿತೆ? ಇಲ್ಲ. ಮೀನುಗಾರಿಕೆಯ ಸರಕಾರಿ ಇಲಾಖೆಯವರಿಗೆ ಕಡಲಿನ ಜೀವಿಗಳನ್ನು ಕುರಿತು 52 ರೇಡಿಯೋ ಭಾಷಣಗಳು ಬೇಕಾಗಿದ್ದುವು. ಶಾಸ್ತ್ರವನ್ನು ಬಲ್ಲವರಿಗೆ ರಸವತ್ತಾಗಿ ಬರೆಯಲು ಬಾರದು; ಬರೆಯಬಲ್ಲವರಿಗೆ ಶಾಸ್ತ್ರ ತಿಳಿಯದು. ಎರಡನ್ನೂ ಬಲ್ಲ ಕಾರ್ಸನ್ನಳಿಗೆ ಆ ಕೆಲಸವು ದೊರೆಯಿತು. ಗುರುವಾದ ಸ್ಕಿಂಕರಳ ಪ್ರೋತ್ಸಾಹದಿಂದ ಸರಕಾರಿ ಪರೀಕ್ಷೆಗೆ ಕುಳಿತು ಉತ್ತಮವಾಗಿ ತೇರ್ಗಡೆಯಾಗಿ, 1936ರಲ್ಲಿ ಜಲಜೀವಶಾಸ್ತ್ರಜ್ಞೆಯಾಗಿ ಖಾಯಂ ನೌಕರಿಯನ್ನು ಪಡೆದಳು. ಹಗಲು ಕಚೇರಿಯ ಕೆಲಸ, ರಾತ್ರಿ ಬರವಣಿಗೆ. 1941ರಲ್ಲಿ ಪ್ರಕಟವಾದ ಮೊದಲನೆಯ ಪುಸ್ತಕವು ಯುದ್ಧದ ಗದ್ದಲದಲ್ಲಿ ಹೆಚ್ಚಾಗಿ ಮಾರಾಟವಾಗಲಿಲ್ಲ. ಹತ್ತು ವರ್ಷಗಳ ತರುವಾಯ, 1951ರಲ್ಲಿ, ನಮ್ಮನ್ನು ಸುತ್ತುವರಿದ ಸಮುದ್ರವನ್ನು ಕುರಿತ ಎರಡನೆಯ ಗ್ರಂಥವು ಹೊರಬಂದು ಲೋಕಪ್ರಸಿದ್ಧವಾಯಿತು. ಅದರ ಆದಾಯದಿಂದ ಆಕೆಯು ನೌಕರಿಯನ್ನು ಬಿಟ್ಟು, ಕಡಲತಡಿಯ ಜೀವಿಗಳನ್ನು ನೋಡಿ 1955ರಲ್ಲಿ ಮೂರನೆಯ ಗ್ರಂಥವನ್ನು ಬರೆದಳು.

ಇಷ್ಟಕ್ಕೆ ನಿಂತಿದ್ದರೆ ಆಕೆಯು ಸುಖವಾಗಿಯೇ ಇರುತ್ತಿದ್ದಳು. ಆದರೆ ಡಿ.ಡಿ.ಟಿ. ಮುಂತಾದ ಕೀಟನಾಶಕಗಳನ್ನು ವಿಮಾನಗಳಿಂದ ಎರಚಿದೆಡೆಗಳಲ್ಲಿ ಹಕ್ಕಿಗಳೂ ಮೀನುಗಳೂ ಸಾಯುತ್ತಿದ್ದ ವರ್ತಮಾನವು ಆಕೆಯ ಕಿವಿಗೆ ಬಿದ್ದಿತು. ನಾಲ್ಕು ವರ್ಷ ಸಾಕ್ಷ್ಯಗಳನ್ನು ಸಂಗ್ರಹಿಸಿ ಬರೆದ ಮೌನ ವಸಂತವೆಂಬ ಅರ್ಥದ ಹೆಸರುಳ್ಳ ಗ್ರಂಥವು 1962ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಒಂದು ದೃಷ್ಟಾಂತವನ್ನು ಕೆರೆಗಳ ನಾಡಿನ ನಾವು ಮನನ ಮಾಡತಕ್ಕದ್ದು. ಕ್ಯಾಲಿಫೋರ್ನಿಯಾದ ಕ್ಲಿಯರ್ ಲೇಕ್ ಎಂಬ ಸರೋವರಕ್ಕೆ ನುಸಿಗಳ ಕಾಟವನ್ನು ತಡೆಯಲು 1949ರಲ್ಲಿ ಡಿ.ಡಿ.ಟಿ.ಯ ಜಾತಿಯ ವಿಷವನ್ನು ಏಳು ಕೋಟಿ ಪಾಲು ನೀರಿಗೆ ಒಂದು ಪಾಲಿನಂತೆ ಬೆರೆಸಿದರು. ಮುಂದೆಯೂ ಎರಡು ಬಾರಿ ಹಾಕಿದರು. ಆ ವಿಷವು ನೀರಿನಲ್ಲಿ ಕರಗಿ ಹೋಗಲಿಲ್ಲ. ಕಣ್ಣಿಗೆ ಕಾಣದ ಜಲಜೀವಿಗಳಲ್ಲಿ ಸೇರಿ, ಅವುಗಳನ್ನು ತಿಂದ ಸಣ್ಣ ಮೀನುಗಳಲ್ಲಿಯೂ, ಅವುಗಳನ್ನು ನುಂಗಿದ ದೊಡ್ಡ ಮೀನುಗಳಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚುತ್ತಾ ಹೋಯಿತು. ಮೀನನ್ನು ತಿಂದು ಸತ್ತ ನೀರುಹಕ್ಕಿಗಳ ಕೊಬ್ಬಿನಲ್ಲಿ ಹತ್ತು ಲಕ್ಷಕ್ಕೆ 1,600 ಪಾಲು ವಿಷವು ಸಿಕ್ಕಿತು.

ಗ್ರಂಥವು ಬಂದೊಡನೆ ರಾಸಾಯನಿಕ ವ್ಯಾಪಾರಿಗಳು ಆಕೆಯ ಮೇಲೆ ಹರಿಹಾಯ್ದರು. ಡಾಕ್ಟರ್ ಪದವಿಯಿಲ್ಲದವಳೆಂದೂ, ಭಾವಾವೇಶದ ಹೆಂಗಸೆಂದೂ, ಮದುವೆಯಾಗದವಳೆಂದೂ ನಿಂದಿಸಿದರು. ಕೀಟನಾಶಕಗಳನ್ನೇ ತೊರೆಯಬೇಕೆಂದು ಆಕೆಯು ಹೇಳಿರಲಿಲ್ಲ. ವಿವೇಚನೆಯಿಲ್ಲದೆ ಎರಚಬಾರದೆಂದು ಮಾತ್ರ ಹೇಳಿದ್ದಳು. ಅಷ್ಟರಲ್ಲಿ ಆಕೆಯು ಸ್ತನದ ಅರ್ಬುದ ರೋಗಕ್ಕೆ ತುತ್ತಾಗಿ 1960ರಲ್ಲಿ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡಿದ್ದಳು. ತೀರಿಹೋದ ಸೋದರಸೊಸೆಯ ಪುಟ್ಟ ಮಗನನ್ನು ದತ್ತು ತೆಗೆದುಕೊಂಡು ಸಾಕುತ್ತಿದ್ದಳು. ರೋಗವನ್ನು ಲೋಕಕ್ಕೆ ತಿಳಿಸದೆ, 1963ರಲ್ಲಿ ಶಾಸನಸಭೆಯ ಸಮಿತಿಯ ಮುಂದೆ ಶಾಂತವಾಗಿ ಸಾಕ್ಷ್ಯ ನುಡಿದಳು. ಅದೇ ವರ್ಷ ರಾಷ್ಟ್ರಾಧ್ಯಕ್ಷರ ವಿಜ್ಞಾನ ಸಮಿತಿಯ ವರದಿಯು ಆಕೆಯ ವಾದವನ್ನು ಬಹುಮಟ್ಟಿಗೆ ಸಮರ್ಥಿಸಿತು. 1964ರ ಏಪ್ರಿಲ್ 14ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಆಕೆಯು ದೈವಾಧೀನಳಾದಳು. ಎಂಟು ವರ್ಷಗಳ ಮೇಲೆ ಅಮೆರಿಕವು ಬೇಸಾಯದಲ್ಲಿ ಡಿ.ಡಿ.ಟಿ.ಯ ಬಳಕೆಯನ್ನು ನಿಷೇಧಿಸಿತು. 1989ರಲ್ಲಿ ನಮ್ಮ ದೇಶವೂ ಹಾಗೆಯೇ ಮಾಡಿತು.

ಇದೆಲ್ಲಾ ದೂರದ ಮಾತೆಂದು ತಿಳಿಯಲಾಗದು. ಕನ್ನಡಿಗರೂ ನೆಲೆಸಿರುವ ಕಾಸರಗೋಡಿನಲ್ಲಿ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ವಿಷವನ್ನು 2000ದ ವರೆಗೆ ವರ್ಷಾನುಗಟ್ಟಲೆ ಆಕಾಶದಿಂದ ಎರಚಿದರು. ಅಲ್ಲಿನ ಮಕ್ಕಳ ಸಂಕಟವನ್ನು ನಾಡೆಲ್ಲ ಕಂಡಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು. ನಮ್ಮ ಭತ್ತದ ಗದ್ದೆ, ಮೆಕ್ಕೆಜೋಳದ ಹೊಲ, ಅಡಕೆಯ ತೋಟಗಳಲ್ಲಿ ಹೊಡೆಯುವ ಔಷಧವೂ ಮಳೆನೀರಿನೊಡನೆ ಹಳ್ಳವನ್ನು ಸೇರಬಲ್ಲುದು. ಸೂಳೆಕೆರೆಯ ನೀರು ಹರಿದ್ರೆಯಾಗಿ ಹರಿಹರದಲ್ಲಿ ತುಂಗಭದ್ರೆಯನ್ನೂ, ತುಂಗಭದ್ರೆಯು ಕೃಷ್ಣೆಯನ್ನೂ, ಕೃಷ್ಣೆಯು ಕಡಲನ್ನೂ ಸೇರುತ್ತದೆ. ಆದುದರಿಂದ ಕಡಲನ್ನು ಕಾಣದ ನಮ್ಮ ಹುಡುಗಿಯರಿಗೂ ಕಡಲಿನ ಸಂಬಂಧವು ಉಂಟು.

ಪಿಂಗಾಣಿಯನ್ನು ಮಾರಿದ ತಾಯಿ, ದಾರಿ ತೋರಿದ ಉಪಾಧ್ಯಾಯಿನಿ ಇವರಿಬ್ಬರಿಲ್ಲದಿದ್ದರೆ ರೇಚಲ್ ಕಾರ್ಸನ್ನಳ ಹೆಸರನ್ನು ನಾವು ಕೇಳುತ್ತಿರಲಿಲ್ಲ. ಮನೆಯಲ್ಲಿ ಹುಳುವನ್ನೋ ಮೀನನ್ನೋ ನೋಡುತ್ತಾ ಹೊತ್ತು ಮರೆತು ಕುಳಿತ ಮಗಳಿದ್ದರೆ, ಪೋಷಕರು ಆಕೆಯನ್ನು ಗದರಿಸುವ ಮುನ್ನ ಕ್ಷಣಕಾಲ ಆಲೋಚಿಸಬೇಕೆಂದು ಪ್ರಾರ್ಥಿಸಿ, ಈ ಚರಿತ್ರೆಯನ್ನು ಮುಗಿಸುತ್ತೇವೆ.