ಡಾ. ಕೋಟ ಶಿವರಾಮ ಕಾರಂತರು

ಗುರುವಾಯನಕೆರೆಯಿಂದ ತೆಂಕಣ ದಾರಿ ಹಿಡಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ದಾಟಿ ಹೋದರೆ ಪುತ್ತೂರು ಸಿಕ್ಕುವುದು. ಅಲ್ಲಿಯ ಪರ್ಲಡ್ಕದಲ್ಲಿರುವ ‘ಬಾಲವನ’ವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಫ್ರಾನ್ಸಿನ ಜೂಲ್ಸ್ ವರ್ನ್, ಇಂಗ್ಲೆಂಡಿನ ವೆಲ್ಸ್ ಮೊದಲಾದವರು ವಿಜ್ಞಾನವನ್ನೂ ಕಲ್ಪನೆಯನ್ನೂ ಬೆರೆಸಿ ಕಥೆಗಳನ್ನು ಹೆಣೆದು ಲೋಕವಿಖ್ಯಾತರಾದರು. ನಮ್ಮ ಸೀಮೆಯಲ್ಲಿ ಆ ಎರಡು ಶಕ್ತಿಗಳೂ ಒಬ್ಬರಲ್ಲಿಯೇ ಕೂಡಿದುದನ್ನು ಕಾಣಬೇಕಾದರೆ ನಾವು ಈ ಬಾಲವನಕ್ಕೇ ಹೋಗಬೇಕು.

ಶಿವರಾಮ ಕಾರಂತರು 1902ನೆಯ ಅಕ್ಟೋಬರ್ 10ರಂದು ಕೋಟದಲ್ಲಿ ಜನಿಸಿದರು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವಿದ್ಯಾಭ್ಯಾಸವನ್ನು ತೊರೆದರು. ಹೀಗೆ ಪದವಿಯಿಲ್ಲದೆ ಹೊರಬಿದ್ದ ತರುಣನೇ ಮುಂದೆ ಕನ್ನಡ ಮಕ್ಕಳಿಗೆ ಸಕಲ ಶಾಸ್ತ್ರಗಳ ಬಾಗಿಲನ್ನು ತೆರೆದನೆಂಬುದು ವಿಸ್ಮಯದ ಸಂಗತಿ.

ಅವರು ಪುತ್ತೂರಿನಲ್ಲಿ ನೆಲೆಸಿ ಮಕ್ಕಳಿಗೆ ಆಟ, ನಾಟಕ, ಕುಣಿತಗಳ ಮೂಲಕ ಪಾಠ ಕಲಿಸುವ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಲೀಲಾ ಆಳ್ವರನ್ನು ವಿವಾಹವಾದರು. ಜಾತಿಯ ಕಟ್ಟು ಬಲವಾಗಿದ್ದ ಆ ದಿನಗಳಲ್ಲಿ ಬ್ರಾಹ್ಮಣ ವರನೂ ಬಂಟ ವಧುವೂ ಕೈಹಿಡಿಯುವುದೆಂದರೆ ಅಲ್ಪ ಧೈರ್ಯದ ಮಾತಲ್ಲ. ಅದೇ ಕಾಲದಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವೆಂಬ ವಿಶ್ವಕೋಶವು ಮೂರು ಸಂಪುಟಗಳಲ್ಲಿ ಹೊರಬಂದಿತು. 1959ರಿಂದ ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಬಂದವು. ಅನ್ಯ ದೇಶಗಳಲ್ಲಿ ಪಂಡಿತರ ಮಂಡಲಿಯೊಂದು ಕೂಡಿ ಮಾಡುವ ಕಾರ್ಯವನ್ನು ಇವರು ಏಕಾಂಗಿಯಾಗಿ ಮಾಡಿದರು. ಓದಿ ತಿಳಿಯಬೇಕು, ಕನ್ನಡದಲ್ಲಿ ಹೆಸರಿಲ್ಲದ ವಸ್ತುವಿಗೆ ಹೆಸರು ಹುಡುಕಬೇಕು, ಬಳಿಕ ಅಚ್ಚಿನ ಖರ್ಚಿಗೂ ದಾರಿ ನೋಡಬೇಕು! ಇಂಗ್ಲಿಷ್ ಬಾರದ ಹಳ್ಳಿಯ ಹುಡುಗಿಯೊಬ್ಬಳು ಮನೆಯ ಚಾವಡಿಯಲ್ಲಿ ಕುಳಿತು ನಕ್ಷತ್ರಗಳ ವಿಚಾರವನ್ನು ತನ್ನ ನುಡಿಯಲ್ಲಿಯೇ ಓದುವಂತಾದುದು ಇಂಥ ದುಡಿಮೆಯಿಂದ. ಅವರ ಕಾದಂಬರಿಗಳು ನಲವತ್ತಕ್ಕೂ ಮಿಕ್ಕಿವೆ. ಆದರೂ ಈ ಸಂಪುಟಗಳನ್ನು ಅವುಗಳಿಗಿಂತ ಕಿರಿದಾದ ಕೆಲಸವೆಂದು ಎಣಿಸಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಕಾದಂಬರಿಗಳಲ್ಲಿ ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಓದತಕ್ಕುದು 1968ರ ‘ಮೂಕಜ್ಜಿಯ ಕನಸುಗಳು’. ಅದರ ನಾಯಿಕೆ ಬಾಲ್ಯದಲ್ಲಿಯೇ ವಿಧವೆಯಾದ, ಶಾಲೆಯ ಮೆಟ್ಟಲನ್ನೇರದ ಮುದುಕಿ. ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಸಾಕು, ಅದನ್ನು ಬಳಸಿದ ಪುರಾತನರ ಬಾಳು ಆಕೆಯ ಕಣ್ಣೆದುರು ನಿಲ್ಲುವುದು. ವೆಲ್ಸನ ನಾಯಕನಿಗೆ ಕಾಲದಲ್ಲಿ ಸಂಚರಿಸಲು ಯಂತ್ರ ಬೇಕಾಯಿತು. ನಮ್ಮ ಅಜ್ಜಿಗೆ ಅಂಗೈಯೇ ಸಾಕಾಯಿತು. ಮೊಮ್ಮಗ ಸುಬ್ಬರಾಯನು ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ದೇವರು, ಧರ್ಮ, ಗಂಡು ಹೆಣ್ಣುಗಳ ಸಂಬಂಧ ಇವೆಲ್ಲ ಯುಗಯುಗಗಳಲ್ಲಿ ಮಾರ್ಪಟ್ಟ ಬಗೆಯು ಮೆಲ್ಲನೆ ತೆರೆದುಕೊಳ್ಳುತ್ತದೆ. ಊರು ಲೆಕ್ಕಕ್ಕಿಡದ ವಿಧವೆಯ ಬಾಯಲ್ಲಿ ಕಾರಂತರು ಇಷ್ಟು ದೊಡ್ಡ ಮಾತುಗಳನ್ನಿಟ್ಟರೆಂಬುದನ್ನು ತಾಯಿತಂದೆಗಳು ಗಮನಿಸಬೇಕು. ಈ ಕೃತಿಗಾಗಿ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದಿತು.

ವಿಜ್ಞಾನವನ್ನು ಇಷ್ಟು ಪ್ರೀತಿಸಿದವರು ಕೈಗಾದ ಅಣುವಿದ್ಯುತ್ ಸ್ಥಾವರವನ್ನು ವಿರೋಧಿಸಿದರೇಕೆಂದು ಕೆಲವರು ಕೇಳುವುದುಂಟು. ನಮಗೆ ಇದರಲ್ಲಿ ವಿರೋಧಾಭಾಸವೇನೂ ತೋರದು. ಅಣುವಿನ ಶಕ್ತಿಯೆಷ್ಟೆಂದು ತಿಳಿದವರಿಗೇ ಅದರ ಭಯವೂ ತಿಳಿದಿರುತ್ತದಷ್ಟೆ. 1989ರ ಲೋಕಸಭಾ ಚುನಾವಣೆಯಲ್ಲಿ, ಎಂಬತ್ತೇಳರ ವೃದ್ಧಾಪ್ಯದಲ್ಲಿ, ಅವರು ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಸೋತರು. ಸ್ಥಾವರವೂ ನಿಂತಿತು. ಇದಕ್ಕೂ ಮೊದಲು, 1975ರಲ್ಲಿ, ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದ್ದರು. ಸೋಲುಗೆಲವುಗಳನ್ನೆಣಿಸಿ ಹೆಜ್ಜೆಯಿಡುವ ಸ್ವಭಾವವೇ ಅವರದಲ್ಲ.

1997ನೆಯ ದಶಂಬರ 9ರಂದು ಅವರು ನಿಧನರಾದರು. ತೊಂಬತ್ತು ದಾಟಿದ ಮೇಲೆಯೂ ಆ ಕೈ ಬರೆಯುತ್ತಲೇ ಇದ್ದಿತು. ಆ ಇಳಿವಯಸ್ಸಿನಲ್ಲಿ ಅವರು ಬರೆದ ಪುಸ್ತಕಗಳಲ್ಲೊಂದು ಹಕ್ಕಿಗಳನ್ನು ಕುರಿತುದು.