ನಿಯಮಕ್ಕೆ ಮೊದಲು ತಾವೇ ಬದ್ಧರಾದ ಸರ್ ಎಂ. ವಿಶ್ವೇಶ್ವರಯ್ಯ

ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಾಡು ಮುಖ್ಯವಾಗಿ ಕನ್ನಂಬಾಡಿ ಕಟ್ಟೆಯ ನಿರ್ಮಾತೃವೆಂದು ಸ್ಮರಿಸುತ್ತದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶಾದ್ಯಂತ ಎಂಜಿನಿಯರುಗಳ ದಿನವನ್ನಾಗಿ ಆಚರಿಸಲಾಗುತ್ತದೆ. ನಷ್ಟದಲ್ಲಿದ್ದ ಒಂದು ಬೃಹತ್ ಕಾರ್ಖಾನೆಯನ್ನು ಆರು ವರ್ಷಗಳ ಕಾಲ ಮುನ್ನಡೆಸಿದ ಉದ್ಯಮ ನಾಯಕರೂ ಅವರಾಗಿದ್ದರು ಎಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ತಮ್ಮ ಕೈಕೆಳಗಿನವರಿಂದ ಏನನ್ನು ನಿರೀಕ್ಷಿಸಲಾಗುತ್ತದೆ ಎಂಬುದನ್ನು ಮೊದಲೇ ಸ್ಪಷ್ಟಪಡಿಸುವುದು ಮತ್ತು ಅದೇ ಅಳತೆಗೆ ತಾವೂ ಒಳಪಡುವುದು ಅವರ ಕಾರ್ಯವಿಧಾನದ ತಿರುಳಾಗಿತ್ತು.

ಬಾಲ್ಯ ಮತ್ತು ಆರಂಭದ ಸೇವೆ

ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲಿಯೇ ತಂದೆ ಶ್ರೀನಿವಾಸ ಶಾಸ್ತ್ರಿಗಳನ್ನು ಕಳೆದುಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರ ಪೋಷಣೆಯಲ್ಲಿ ಬೆಳೆದು, ಮಕ್ಕಳಿಗೆ ಮನೆಪಾಠ ಹೇಳಿ ಬಂದ ಹಣದ ನೆರವಿನಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ಪೂರೈಸಿ, 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರಾಗಿ ಸೇರಿದರು.

ಪುಣೆ ಭಾಗದ ನೀರಾ ಕಾಲುವೆಯಲ್ಲಿ 1899ರ ಸುಮಾರಿಗೆ ಅವರು ಜಾರಿಗೆ ತಂದ ಬ್ಲಾಕ್ ಪದ್ಧತಿಯು ಅವರ ಮುಂದಿನ ಕಾರ್ಯವೈಖರಿಯ ಮುನ್ಸೂಚನೆಯಂತಿತ್ತು. ಕಾಲುವೆಯ ಮೇಲ್ಭಾಗದ ರೈತರು ಅಗತ್ಯ ಮೀರಿ ನೀರು ಹರಿಸಿಕೊಂಡರೆ ಕೆಳಭಾಗದವರಿಗೆ ಕೊರತೆಯಾಗುವುದು ಸಹಜ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಬೆಳೆಗಳನ್ನು ಸರದಿಯ ಮೇಲೆ ಬದಲಾಯಿಸಿ, ನಿಗದಿತ ಅವಧಿಗೆ ನೀರು ಬಿಡುವ ಕ್ರಮವನ್ನು ಅವರು ರೂಪಿಸಿದರು. ಆರಂಭದಲ್ಲಿ ರೈತರಿಂದಲೂ ಪತ್ರಿಕೆಗಳಿಂದಲೂ ವಿರೋಧ ವ್ಯಕ್ತವಾಯಿತು. ರೈತರೊಡನೆ ಚರ್ಚಿಸಿ ಪದ್ಧತಿಯ ಸ್ವರೂಪವನ್ನು ವಿವರಿಸಿದ ನಂತರ ಅದಕ್ಕೆ ಒಪ್ಪಿಗೆ ದೊರೆಯಿತು. ಪ್ರಭಾವಕ್ಕೆ ಬದಲಾಗಿ ಸರದಿಯು ನೀರಿನ ಹಂಚಿಕೆಯನ್ನು ನಿರ್ಧರಿಸುವಂತಾಯಿತು.

ದಿವಾನರಾಗಿ

1908ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತರಾದ ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಹುದ್ದೆಯನ್ನು ಒಪ್ಪಿಕೊಳ್ಳುವ ಮುನ್ನ ಬಂಧುಗಳನ್ನು ಕರೆದು, ಯಾರೂ ತಮ್ಮಿಂದ ಶಿಫಾರಸನ್ನು ನಿರೀಕ್ಷಿಸಬಾರದೆಂದು ತಿಳಿಸಿದರೆಂಬುದು ನಾಡಿನಲ್ಲಿ ಪ್ರಸಿದ್ಧವಾಗಿದೆ.

ಅವರ ಅವಧಿಯಲ್ಲಿ 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡವು. ಸರ್ಕಾರಿ ಕಚೇರಿಗಳ ಕೆಲಸದ ಗುಣಮಟ್ಟವನ್ನು ಪರಿಶೀಲಿಸಲು ಕಾರ್ಯದಕ್ಷತಾ ತಪಾಸಣೆ ಎಂಬ ವ್ಯವಸ್ಥೆಯನ್ನು ಅವರು ಆರಂಭಿಸಿದರು. ಅದುವರೆಗೆ ತಪಾಸಣೆ ಎಂದರೆ ಹಣದ ಲೆಕ್ಕದ ತಪಾಸಣೆ ಎಂಬ ಭಾವನೆ ಸಾಮಾನ್ಯವಾಗಿತ್ತು. ಸಿಬ್ಬಂದಿಯ ಕೆಲಸವೂ ಲೆಕ್ಕಕ್ಕೆ ಬರತಕ್ಕದ್ದು ಎಂಬ ತತ್ವವನ್ನು ಈ ವ್ಯವಸ್ಥೆ ಆಡಳಿತಕ್ಕೆ ತಂದಿತು.

ಅರ್ಹತೆಯ ಅಳತೆಗೋಲು ಯಾವುದಾಗಿರಬೇಕು ಎಂಬ ಪ್ರಶ್ನೆಯೇ ಅವರ ನಿರ್ಗಮನಕ್ಕೂ ಕಾರಣವಾಯಿತು. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯ ಒದಗಿಸುವ ಬಗ್ಗೆ ಪರಿಶೀಲಿಸಲು 1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ರಚಿಸಿದರು. ಜಾತಿಯ ಆಧಾರದ ನೇಮಕಾತಿಯನ್ನು ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅವರು ದಿವಾನಗಿರಿಯಿಂದ ನಿವೃತ್ತರಾದರು. ಎಲ್ಲರಿಗೂ ಒಂದೇ ಅಳತೆ ಅನ್ವಯಿಸಬೇಕಾದರೆ ಅದನ್ನು ತಲುಪುವ ಅವಕಾಶವೂ ಎಲ್ಲರಿಗೂ ದೊರೆಯಬೇಕೆಂಬ ಮಹಾರಾಜರ ನಿಲುವನ್ನು ನಾಡು ಮುಂದೆ ತನ್ನದಾಗಿಸಿಕೊಂಡಿತು.

ಭದ್ರಾವತಿಯ ಹೊಣೆ

ಮೈಸೂರು ಸಂಸ್ಥಾನದಲ್ಲಿ ಕಬ್ಬಿಣದ ಅದಿರು ಹೇರಳವಾಗಿದ್ದರೂ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಿಂದ ಕರಗಿಸುವ ಕಾರ್ಖಾನೆಯನ್ನು ಭದ್ರಾವತಿಯಲ್ಲಿ ನಿರ್ಮಿಸಲಾಯಿತು. 1923ರಲ್ಲಿ ಕಾರ್ಖಾನೆ ಕೆಲಸ ಆರಂಭಿಸುವ ವೇಳೆಗೆ ಮೊದಲನೆಯ ಮಹಾಯುದ್ಧ ಕಾಲದ ಬೆಲೆಗಳು ಕುಸಿದಿದ್ದವು. ಉತ್ಪಾದನಾ ವೆಚ್ಚ ಹೆಚ್ಚಾಗಿತ್ತು. ತಾಂತ್ರಿಕ ಹೊಣೆಗಾಗಿ ವಿದೇಶಿ ತಜ್ಞರನ್ನು ಅವಲಂಬಿಸಬೇಕಾಗಿತ್ತು. ಪ್ರಜೆಗಳ ತೆರಿಗೆಯ ಹಣ ವ್ಯರ್ಥವಾಗುತ್ತಿದೆ ಎಂಬ ಟೀಕೆ ಕೇಳಿಬಂದಿತು. ಇಂತಹ ಸಂದರ್ಭದಲ್ಲಿ, ಅದೇ ವರ್ಷ, ವಿಶ್ವೇಶ್ವರಯ್ಯನವರು ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು.

ಕಾರ್ಖಾನೆಯ ದೈನಂದಿನ ಖರ್ಚು ಮಾರಾಟದ ಆದಾಯದಿಂದಲೇ ಭರ್ತಿಯಾಗಬೇಕೆಂಬುದು ಅವರ ಮುಂದಿದ್ದ ಗುರಿಯಾಗಿತ್ತು. ವೆಚ್ಚವನ್ನು ಇಳಿಸುವ ಕ್ರಮಗಳನ್ನು ಕೈಗೊಳ್ಳಲಾಯಿತು. ಸ್ಥಳೀಯ ಯುವಕರಿಗೆ ತರಬೇತಿ ನೀಡಿ, ಹಂತ ಹಂತವಾಗಿ ವಿದೇಶಿ ತಜ್ಞರ ಸ್ಥಾನಗಳಿಗೆ ನೇಮಿಸಲಾಯಿತು. ಬೀಡು ಕಬ್ಬಿಣದ ಮಾರಾಟವೊಂದನ್ನೇ ನೆಚ್ಚದೆ ಎರಕದ ಕೊಳವೆಗಳ ತಯಾರಿಕೆಯನ್ನೂ ಕೈಗೆತ್ತಿಕೊಳ್ಳಲಾಯಿತು. ಸಮಯಪಾಲನೆಯಲ್ಲಿ ಅಧ್ಯಕ್ಷರೇ ಮೊದಲಿಗರಾಗಿದ್ದುದರಿಂದ ತಡವಾಗಿ ಬರುವವರಿಗೆ ಹೇಳಿಕೊಳ್ಳಲು ನೆಪವಿರಲಿಲ್ಲ. 1929ರಲ್ಲಿ ಅವರು ಹೊಣೆಯಿಂದ ಬಿಡುಗಡೆ ಹೊಂದುವ ವೇಳೆಗೆ ಕಾರ್ಖಾನೆ ತನ್ನ ನಡೆವಳಿ ಖರ್ಚನ್ನು ತಾನೇ ಭರಿಸುವ ಸ್ಥಿತಿಗೆ ಬಂದಿತ್ತು. ಹೂಡಿದ ಬಂಡವಾಳಕ್ಕೆ ತಕ್ಕ ಪ್ರತಿಫಲ ದೊರೆಯಲು ಇನ್ನೂ ಕಾಲ ಬೇಕಾಗಿತ್ತಾದರೂ, ಮುಚ್ಚುವ ಪ್ರಮೇಯ ತಪ್ಪಿತು. 1930ರ ದಶಕದಲ್ಲಿ ಅಲ್ಲಿ ಉಕ್ಕಿನ ತಯಾರಿಕೆಯೂ ಆರಂಭವಾಯಿತು. ಮುಂದೆ ಕಾರ್ಖಾನೆಗೆ ಅವರ ಹೆಸರನ್ನೇ ಇಡಲಾಯಿತು.

ತಾವು ವಿಧಿಸಿದ ಮಾನದಂಡವನ್ನು ಅವರು ತಮಗೂ ಅನ್ವಯಿಸಿಕೊಂಡರು. ಕಾರ್ಖಾನೆ ಚೇತರಿಸಿಕೊಳ್ಳುವ ಮೊದಲು ಅವರು ಸಂಭಾವನೆಯನ್ನು ಪಡೆಯಲಿಲ್ಲ. ನಂತರ ತಮಗೆ ಸಲ್ಲಬೇಕಾಗಿದ್ದ ಬಾಕಿಯನ್ನು ಯುವಕರಿಗೆ ಕಸುಬಿನ ಶಿಕ್ಷಣ ನೀಡುವ ಸಂಸ್ಥೆಗೆ ವಿನಿಯೋಗಿಸಬೇಕೆಂದೂ, ಅದಕ್ಕೆ ತಮ್ಮ ಬದಲು ಮಹಾರಾಜರ ಹೆಸರಿಡಬೇಕೆಂದೂ ಕೋರಿದರು. ಅದರಂತೆ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ಹೆಸರಾಯಿತು.

ಕೊನೆಯ ವರ್ಷಗಳು

1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿಯನ್ನು ನೀಡಲಾಯಿತು. 1960ರಲ್ಲಿ ಅವರ ಜನ್ಮಶತಮಾನೋತ್ಸವದ ಅಂಗವಾಗಿ ಭಾರತ ಸರ್ಕಾರ ಅಂಚೆಚೀಟಿಯನ್ನು ಹೊರತಂದಿತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದ ಅವರ ಅಂತ್ಯಕ್ರಿಯೆ ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ನೆರವೇರಿತು.

ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ನಾಗರಿಕನಿಗೆ ಮೊದಲು ಬೇಕಾಗುವುದು ನಿಯಮವೇನು, ಎಷ್ಟು ದಿನ ಹಿಡಿಯುತ್ತದೆ ಎಂಬ ಖಚಿತ ಮಾಹಿತಿ. ಒಳಗೆ ಕುಳಿತ ನೌಕರನಿಗೂ ಅಷ್ಟೇ ಖಚಿತವಾಗಿ ತನ್ನ ಕರ್ತವ್ಯ ತಿಳಿದಿರಬೇಕಾಗುತ್ತದೆ. ನೀರಾ ಕಾಲುವೆಯ ಸರದಿಯಿಂದ ಭದ್ರಾವತಿಯ ಕುಲುಮೆಯವರೆಗೆ ವಿಶ್ವೇಶ್ವರಯ್ಯನವರು ಈ ಎರಡನ್ನೂ ಒಂದೇ ನಿಯಮದ ಎರಡು ಮುಖಗಳೆಂದು ಭಾವಿಸಿ ದುಡಿದರು.