ಮೋಗ್ಲಿಂಗ್ ಪಾದ್ರಿ ಮತ್ತು ಕೊಡಗಿನ ನಮ್ಮವರು

ನಮ್ಮ ಸಂಘದ ಪಿ.ಎಸ್.ಸಿ. ತರಗತಿಗೆ ಬರುವವರಿಗೆಲ್ಲ ಒಂದು ಪ್ರಶ್ನೆ ಗೊತ್ತೇ ಉಂಟು. ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರ ಸಮಾಚಾರ. ಸಂಪಾದಕರು ಯಾರು? ಹರ್ಮನ್ ಮೋಗ್ಲಿಂಗ್. ಒಂದು ಮಾರ್ಕು ಸಿಕ್ಕಿತು, ಮುಂದಿನ ಪ್ರಶ್ನೆಗೆ ಹೋದೆವು. ನಾನೂ ಹಾಗೇ ಕಲಿತವನು. ಬಿ.ಎ.ಗೆ ಸೇರಿ ಕನ್ನಡ ಸಾಹಿತ್ಯ ಚರಿತ್ರೆ ಓದುವಾಗ ಗೊತ್ತಾಯಿತು, ಈ ಮನುಷ್ಯನ ಕಥೆಯ ಕೊನೆಯ ಭಾಗ ನಮ್ಮವರ ಕಥೆಯೂ ಹೌದು ಅಂತ. ಆ ಭಾಗ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಅದಕ್ಕೇ ಈ ಸ್ಮರಣ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಲ್ಲಿ. ಓದಿದ್ದು ಟ್ಯೂಬಿಂಗನ್‌ನಲ್ಲಿ, ಧರ್ಮಶಾಸ್ತ್ರ. ಅಲ್ಲಿ ಇವರಿಗೆ ಒಬ್ಬ ಗೆಳೆಯ ಸಿಕ್ಕಿದರು. ಅವರ ಹೆಸರು ಹರ್ಮನ್ ಗುಂಡರ್ಟ್. ಮಲಯಾಳಂ ಮಾಧ್ಯಮದಲ್ಲಿ ಓದಿದ ನಮ್ಮ ತಮ್ಮಂದಿರು, ತಂಗಿಯಂದಿರು ಈ ಹೆಸರು ಕೇಳಿದ ಕೂಡಲೇ ತಲೆ ಎತ್ತುತ್ತಾರೆ. ತಲಶ್ಶೇರಿಯಲ್ಲಿ ಇದ್ದು ಮಲಯಾಳಂ ನಿಘಂಟು ಮಾಡಿದ ಅದೇ ಗುಂಡರ್ಟ್. ಗೆಳೆಯರಿಬ್ಬರೂ ಇದೇ ಕರಾವಳಿಗೆ ಬಂದರು. ಒಬ್ಬರು ಕನ್ನಡಕ್ಕೆ, ಇನ್ನೊಬ್ಬರು ಮಲಯಾಳಕ್ಕೆ. ಎರಡೂ ಭಾಷೆಯ ನಡುವೆ ಬದುಕುವ ಕಾಸರಗೋಡಿನ ನಮಗೆ ಇಬ್ಬರೂ ಹತ್ತಿರದವರೇ.

ಮೋಗ್ಲಿಂಗ್ ಬಾಸೆಲ್ ಮಿಶನ್ನಿಗೆ ಸೇರಿ 1836ರ ಕೊನೆಗೆ ಮಂಗಳೂರಿಗೆ ಬಂದರು. ಆಗ ವಯಸ್ಸು 25. ಈಗ ನಮ್ಮ ಸಂಘದಲ್ಲಿ ಗಲ್ಫಿಗೆ ವೀಸಾ ಕಾಯುತ್ತಿರುವ ಹುಡುಗರ ವಯಸ್ಸು ಅದೇ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕಿಂತ ಮೂರು ದಶಕ ಮುಂಚೆ ಹೊರಟವರು ಇವರು. ಮನೆಗೆ ಕಾಗದ ಬರೆದರೆ ಉತ್ತರ ಬರಲು ತಿಂಗಳುಗಟ್ಟಲೆ ಬೇಕು. ಇಲ್ಲಿಯ ಮಳೆ ಗೊತ್ತಿಲ್ಲ, ಊಟ ಗೊತ್ತಿಲ್ಲ, ಭಾಷೆಯಂತೂ ಒಂದಕ್ಷರ ಗೊತ್ತಿಲ್ಲ. ಮಿಶನ್ ಮಂಗಳೂರಿಗೆ ಬಂದೇ ಎರಡು ವರ್ಷ ಆಗಿತ್ತು, ಅಷ್ಟೆ.

ಬಂದು ಕೆಲವೇ ತಿಂಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಸುಳ್ಯದ ಕಡೆಯಿಂದ ರೈತರು ಕಂಪನಿ ಸರಕಾರದ ವಿರುದ್ಧ ಎದ್ದು ಮಂಗಳೂರನ್ನು ಹಿಡಿದರು. ನಮ್ಮಲ್ಲಿ ಹಿರಿಯರು ಕಲ್ಯಾಣಪ್ಪನ ಕಾಟಕಾಯಿ ಅಂತ ಹೇಳುವುದು ಅದನ್ನೇ. ಹೊಸದಾಗಿ ಬಂದ ಬಿಳಿ ಪಾದ್ರಿಗೆ ಈ ದೇಶದ ಮೊದಲ ಪಾಠ ಆಗಲೇ ಆಗಿರಬೇಕು. ಇಲ್ಲಿಯ ಜನ ಸುಮ್ಮನೆ ತಲೆ ಬಗ್ಗಿಸಿ ಕೂರುವವರಲ್ಲ ಅನ್ನುವುದು.

ಮೋಗ್ಲಿಂಗ್ ಕನ್ನಡ ಕಲಿತರು. ಬರೀ ಬೋಧನೆ ಮಾಡಲು ಸಾಕಾಗುವಷ್ಟು ಕಲಿತು ನಿಲ್ಲಿಸಲಿಲ್ಲ. ಶಾಲೆ ನಡೆಸಿದರು, ಪಾಠದ ಪುಸ್ತಕ ಬೇಕು ಅಂದಾಗ ಮುದ್ರಣಕ್ಕೆ ಕೈ ಹಾಕಿದರು. 1841ರಲ್ಲಿ ಮಂಗಳೂರಲ್ಲಿ ಮಿಶನ್ನಿನ ಮುದ್ರಣಾಲಯ ಶುರುವಾಯಿತು. ಅದು ಕಲ್ಲಚ್ಚು. ಅಂದರೆ ಅಚ್ಚಿನ ಮೊಳೆ ಜೋಡಿಸುವ ಕೆಲಸ ಇಲ್ಲ. ಜಿಡ್ಡಿನ ಶಾಯಿಯಲ್ಲಿ ಕೈಯಲ್ಲೇ ಬರೆದು, ಅದನ್ನು ನುಣ್ಣಗಿನ ಕಲ್ಲಿನ ಮೇಲೆ ಇಳಿಸಿ, ಕಲ್ಲಿಗೆ ನೀರು ಸವರುತ್ತಾರೆ. ಆಮೇಲೆ ಶಾಯಿ ಹಚ್ಚಿದರೆ ಅದು ಜಿಡ್ಡು ಇದ್ದಲ್ಲಿ ಮಾತ್ರ ಹಿಡಿಯುತ್ತದೆ. ಕಾಗದ ಒತ್ತಿ ತೆಗೆದರೆ ಕೈಬರಹವೇ ಅಚ್ಚಾಗಿ ಬರುತ್ತದೆ.

ಇದೇ ಕಲ್ಲಿನಿಂದ 1843ರ ಜುಲೈ 1ರಂದು ಮಂಗಳೂರ ಸಮಾಚಾರದ ಮೊದಲ ಸಂಚಿಕೆ ಹೊರಗೆ ಬಂತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರ ಸುದ್ದಿ, ಸರಕಾರದ ಕಾನೂನು, ಹೊರದೇಶದ ಸಮಾಚಾರ, ಕಥೆ ಎಲ್ಲ ಅದರಲ್ಲಿ ಇರುತ್ತಿತ್ತು. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಯಿತು. ಈಗಲೂ ಕರ್ನಾಟಕದಲ್ಲಿ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುತ್ತಾರೆ. ಗೆಳೆಯ ಗುಂಡರ್ಟ್ 1847ರಲ್ಲಿ ತಲಶ್ಶೇರಿಯಿಂದ ರಾಜ್ಯಸಮಾಚಾರಂ ತಂದರು. ಅದು ಮಲಯಾಳದ ಮೊದಲ ಪತ್ರಿಕೆ.

ಇಲ್ಲಿ ಒಂದು ವಿಷಯ ನಾವು ಗಮನಿಸಬೇಕು. ಅದೇ 1843ರಲ್ಲಿ ಕಂಪನಿ ಸರಕಾರ ಗುಲಾಮಗಿರಿಯ ಬಗ್ಗೆ ಒಂದು ಕಾಯ್ದೆ ಮಾಡಿತು. ಇನ್ನು ಮುಂದೆ ಒಬ್ಬ ಮನುಷ್ಯ ಇನ್ನೊಬ್ಬನ ಸ್ವತ್ತು ಅಂತ ಕೋರ್ಟು ಒಪ್ಪುವುದಿಲ್ಲ ಎಂಬುದು ಅದರ ಸಾರ. ಆಗ ನಮ್ಮ ಕಾಸರಗೋಡೂ ಮಂಗಳೂರೂ ಒಂದೇ ಕೆನರಾ ಜಿಲ್ಲೆ. ಇಡೀ ಜಿಲ್ಲೆಯಲ್ಲಿ ನಮ್ಮ ಹಿರಿಯರನ್ನು ಮೂಲದಾಳು ಅಂತ ಧಣಿಗಳ ಭೂಮಿಗೆ ಕಟ್ಟಿ ಹಾಕಿದ್ದರು. ಕಾಯ್ದೆ ಬಂತು, ಆದರೆ ಅದು ಬಂದದ್ದು ಗದ್ದೆಯಲ್ಲಿ ಬಗ್ಗಿ ನೇಜಿ ನೆಡುವವರಿಗೆ ಯಾರು ಹೇಳಬೇಕು? ಪತ್ರಿಕೆ ಓದಲು ಅಕ್ಷರ ಬೇಕು. ಅಕ್ಷರ ನಮ್ಮವರಿಗೆ ಇರಲಿಲ್ಲ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ದಿನ ಅದನ್ನು ಓದಬಲ್ಲ ಒಬ್ಬರಾದರೂ ನಮ್ಮ ಕೇರಿಯಲ್ಲಿ ಇದ್ದಿರಲಿಕ್ಕಿಲ್ಲ.

ಮೋಗ್ಲಿಂಗ್ ಅವರ ಕಣ್ಣೂ ಆಗ ನಮ್ಮ ಕಡೆ ಅಷ್ಟಾಗಿ ಇರಲಿಲ್ಲ ಅಂತಲೇ ನನಗೆ ಕಾಣುತ್ತದೆ. ಓದು ಬಲ್ಲ ಮೇಲ್ಜಾತಿಯ ಹುಡುಗರು ಬಂದರೆ ಉಳಿದವರೂ ಬರುತ್ತಾರೆ ಎಂಬ ಲೆಕ್ಕ ಆ ಕಾಲದ ಮಿಶನರಿಗಳಲ್ಲಿ ಬಹಳ ಜನರಿಗೆ ಇತ್ತು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ಇವರಿಂದ ದೀಕ್ಷಾಸ್ನಾನ ಪಡೆದಾಗ ಮಂಗಳೂರಲ್ಲಿ ದೊಡ್ಡ ಗಲಾಟೆ ಆಯಿತು. ಮೋಗ್ಲಿಂಗ್ ಆ ಯುವಕನನ್ನು 1846ರಲ್ಲಿ ಯುರೋಪಿಗೆ ಕರೆದುಕೊಂಡು ಹೋದರು. ಅವರು ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಹಿಂದೆ ಬಂದರು.

ಯುರೋಪಿನಿಂದ ತಿರುಗಿ ಬಂದ ಮೇಲೆ ಮೋಗ್ಲಿಂಗ್ ಕೈಗೆತ್ತಿಕೊಂಡ ದೊಡ್ಡ ಕೆಲಸ ಹಳೆಯ ಕನ್ನಡ ಕಾವ್ಯಗಳ ಮುದ್ರಣ. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣ ಕೊಟ್ಟರು. ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆ ಹುಟ್ಟಿತು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಎಲ್ಲ ಕಲ್ಲಚ್ಚಿನಲ್ಲಿ ಬಂದವು. ತಾಳೆಗರಿಯಲ್ಲಿ, ಕೆಲವೇ ಮನೆಗಳ ಪೆಟ್ಟಿಗೆಯಲ್ಲಿ ಮಲಗಿದ್ದ ಪದ್ಯಗಳು ಮೊದಲ ಸಲ ಪುಸ್ತಕವಾದವು. ಬೇರೆ ಧರ್ಮದ ಕಾವ್ಯವನ್ನು ಒಬ್ಬ ಪಾದ್ರಿ ಇಷ್ಟು ಪ್ರೀತಿಯಿಂದ ಅಚ್ಚು ಹಾಕಿಸಿದ್ದು ಸಣ್ಣ ಮಾತಲ್ಲ. ಮುಂದೆ ದಾಸರ ಪದಗಳನ್ನು ಜರ್ಮನ್ ಭಾಷೆಗೂ ಮಾಡಿದರು. ಕನ್ನಡಕ್ಕೆ ಮಾಡಿದ ಕೆಲಸಕ್ಕಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು.

ಈಗ ಕೊಡಗಿನ ವಿಷಯ. ನಮ್ಮ ಪಾಣತ್ತೂರಿನಿಂದ ಘಾಟಿ ಹತ್ತಿದರೆ ಕೊಡಗು. ನಮ್ಮ ಕಡೆಯ ಎಷ್ಟೋ ಜನ ಕಾಫಿ ಕೊಯ್ಲಿಗೆ ಹೋಗಿ ಬಂದ ಜಾಗ. ಅಲ್ಲಿಯ ರಾಜನನ್ನು ಇಳಿಸಿ ಇಂಗ್ಲಿಷರು 1834ರಲ್ಲಿ ಕೊಡಗನ್ನು ತೆಗೆದುಕೊಂಡಿದ್ದರು.

ಅಲಮಂಡ ಮನೆತನದ ಸೋಮಯ್ಯ ಎಂಬ ಕೊಡವರೊಬ್ಬರು ಸನ್ಯಾಸಿಯಾಗಿ ಊರೂರು ತಿರುಗುತ್ತಿದ್ದವರು, ಮಂಗಳೂರಿಗೆ ಬಂದು ಕ್ರೈಸ್ತರಾದರು. ಅವರನ್ನು ಅವರ ಊರಿಗೆ ಮುಟ್ಟಿಸಲು ಮೋಗ್ಲಿಂಗ್ 1853ರಲ್ಲಿ ಘಾಟಿ ಹತ್ತಿದರು. ಕೊಡಗಿನ ಕೆಲಸ ಮಿಶನ್ನಿನ ಯೋಜನೆಯಲ್ಲಿ ಮೊದಲಿಗೆ ಇರಲಿಲ್ಲ. ಹೋದದ್ದು ಒಬ್ಬ ಕೊಡವನ ಜೊತೆ, ಆಸೆ ಇದ್ದದ್ದು ಕೊಡವರ ಮೇಲೆ. ಆದರೆ ಕೊಡವರು ಅವರ ಹಿಂದೆ ಬರಲಿಲ್ಲ. ಬಂದವರು ಬೇರೆ. ಕೊಡವರ ಗದ್ದೆಯಲ್ಲಿ ಜೀತ ಮಾಡುತ್ತಿದ್ದ ಹೊಲೆಯರು.

ಆ ಹೆಸರನ್ನು ಇಲ್ಲಿ ಬರೆಯುವಾಗ ಕೈ ಒಮ್ಮೆ ನಿಂತಿತು. ಆದರೆ ದಾಖಲೆಯಲ್ಲಿ ಇರುವುದೇ ಅದು. ಅಡಗಿಸಿದರೆ ಚರಿತ್ರೆಯೂ ಅಡಗುತ್ತದೆ. ಕೊಡಗಿನಲ್ಲಿ ಜಮ್ಮದ ಆಳು ಅಂತ ಎರಡು ಬಗೆ ಇತ್ತು. ಒಂದು ಬಗೆಯವರು ಭೂಮಿಗೆ ಸೇರಿದವರು. ಭೂಮಿ ಎಲ್ಲಿಯೋ ಅವರು ಅಲ್ಲಿ. ಇನ್ನೊಂದು ಬಗೆಯವರು ಮನೆತನಕ್ಕೆ ಸೇರಿದವರು, ಅವರನ್ನು ಮಾರಬಹುದು, ಅಡವೂ ಇಡಬಹುದು. 1843ರ ಕಾಯ್ದೆ ಬಂದು ಹತ್ತು ವರ್ಷ ಆದ ಮೇಲೂ ಬಹಳ ಜನರ ಬದುಕು ಹಾಗೇ ಇತ್ತು. ಗುಲಾಮರನ್ನು ಇಟ್ಟುಕೊಳ್ಳುವುದು ಶಿಕ್ಷೆ ಆಗುವ ಅಪರಾಧ ಆದದ್ದು ದಂಡ ಸಂಹಿತೆ ಜಾರಿಗೆ ಬಂದಾಗ, 1862ರಲ್ಲಿ.

ಇಂಥ ಜನ ಪಾದ್ರಿಯ ಹತ್ತಿರ ಬಂದರು. ಯಾಕೆ ಬಂದರು? ಬರೀ ಗಂಜಿಗಾಗಿ ಬಂದರು ಅಂತ ಕೆಲವರು ಈಗಲೂ ಹೇಳ್ತಾರೆ. ಹಾಗೆ ಹೇಳುವವರ ಅಜ್ಜಂದಿರನ್ನು ಯಾರೂ ಅಡವಿಟ್ಟಿರಲಿಲ್ಲ. ಒಡೆಯನ ಕಣ್ಣೆದುರೇ ಅವನನ್ನು ಬಿಟ್ಟು ಬೇರೆ ಕಡೆ ನಡೆಯುವುದಕ್ಕೆ ಆ ಕಾಲದಲ್ಲಿ ಎಷ್ಟು ಧೈರ್ಯ ಬೇಕಿತ್ತು ಅಂತ ಸ್ವಲ್ಪ ಯೋಚಿಸಿ. ನಮ್ಮನ್ನೂ ಒಬ್ಬರು ಮನುಷ್ಯರು ಅಂತ ಕೂರಿಸಿ ಮಾತಾಡಿಸುತ್ತಾರೆ ಎಂಬುದು ಗಂಜಿಗಿಂತ ದೊಡ್ಡದು. ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇವರಿಗಾಗಿ ಸಿದ್ದಾಪುರದ ಕಡೆ ಕಾಡಿನ ನಡುವೆ ಒಂದು ಊರು ಹುಟ್ಟಿತು. ಹೆಸರು ಆನಂದಪುರ. ಅಲ್ಲಿ ಕಾಫಿ ಹಾಕಿದರು, ಮನೆ ಕಟ್ಟಿದರು, ಶಾಲೆ ಆಯಿತು, ಪ್ರಾರ್ಥನೆಗೆ ಆಲಯ ಆಯಿತು. ಮೋಗ್ಲಿಂಗ್ ಅಲ್ಲೇ ನಿಂತರು. ಇವರ ಸಂಬಂಧಿಯೂ ಜೊತೆಗಾರರೂ ಆಗಿದ್ದ, ಬೈಬಲ್ಲಿನ ಕನ್ನಡ ಅನುವಾದಕ್ಕೆ ದುಡಿದ ವೈಗ್ಲೆ ಎಂಬವರು ತೀರಿಕೊಂಡ ಮೇಲೆ ಅವರ ವಿಧವೆ ಪೌಲೀನಾ ಅವರನ್ನು ಮದುವೆಯಾದರು. ಮಂಗಳೂರಲ್ಲಿ ಪಂಡಿತರ ಜೊತೆ ಕೂತು ಕಾವ್ಯ ಓದಿದ ಮನುಷ್ಯ ಈಗ ಮಳೆ, ಜಿಗಣೆ, ಜ್ವರದ ನಡುವೆ, ಅಕ್ಷರ ಗೊತ್ತಿಲ್ಲದ ಜನರ ಜೊತೆ ಬದುಕಿದರು. ಕೊಡಗಿನ ಜನಜೀವನದ ಬಗ್ಗೆ 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೂ ಬರೆದರು.

ಎಲ್ಲವೂ ಚೆನ್ನಾಗಿತ್ತು ಅಂತ ಹೇಳಲಿಕ್ಕೆ ನಾನು ತಯಾರಿಲ್ಲ. ಮಿಶನ್ನಿನ ಸಭೆಗಳಲ್ಲಿ ಶಿಸ್ತು ಬಿಗಿ. ಹೇಗೆ ಬದುಕಬೇಕು, ಏನು ಬಿಡಬೇಕು ಎಲ್ಲ ಪಾದ್ರಿಗಳೇ ಹೇಳುವುದು. ನಮ್ಮ ದೈವ, ನಮ್ಮ ಡೋಲು, ನಮ್ಮ ಪಾಡ್ದನ ಅವರ ಲೆಕ್ಕದಲ್ಲಿ ಕತ್ತಲೆಯೇ. ಮೇಲ್ಜಾತಿಯವರ ಕಾವ್ಯಕ್ಕೆ ಸಿಕ್ಕಿದ ಕಲ್ಲಚ್ಚಿನ ಗೌರವ ಗದ್ದೆಯಲ್ಲಿ ಹಾಡುವ ನಮ್ಮ ಹೆಂಗಸರ ಹಾಡಿಗೆ ಆ ಮಾಲೆಯಲ್ಲಿ ಸಿಗಲಿಲ್ಲ. ಇದನ್ನೂ ಹೇಳಲೇಬೇಕು. ಆದರೆ ಬಾಸೆಲ್ ಮಿಶನ್ ಸಭೆಯೊಳಗೆ ಜಾತಿಯನ್ನು ಒಪ್ಪಲಿಲ್ಲ, ಎಲ್ಲರೂ ಒಟ್ಟಿಗೆ ಕೂರಬೇಕು ಅಂತ ಹಟ ಹಿಡಿಯಿತು. ಅದನ್ನೂ ಹೇಳಬೇಕು.

ಹೆಂಡತಿಯ ಆರೋಗ್ಯ ಕೆಟ್ಟದ್ದರಿಂದ ಮೋಗ್ಲಿಂಗ್ 1860ರಲ್ಲಿ ಜರ್ಮನಿಗೆ ಹೋದರು. ಮತ್ತೆ ಬರಲಿಲ್ಲ. 25ನೇ ವಯಸ್ಸಿಗೆ ಬಂದವರು, ಹೋಗುವಾಗ 49. ಯೌವನ ಪೂರ್ತಿ ಇಲ್ಲಿಯೇ ಕಳೆದಿತ್ತು. ಅಲ್ಲಿಯೂ ಕೊಡಗಿನ ಬಗ್ಗೆ, ಕನ್ನಡದ ಬಗ್ಗೆ ಬರೆಯುತ್ತಲೇ ಇದ್ದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಅವರ ಜೀವನ ಚರಿತ್ರೆಯನ್ನು ಬರೆದವರು ಬೇರೆ ಯಾರೂ ಅಲ್ಲ, ಅದೇ ಹಳೆಯ ಗೆಳೆಯ ಗುಂಡರ್ಟ್.

ಪಾದ್ರಿ ಹೋದರೂ ಆನಂದಪುರ ಉಳಿಯಿತು. ನಿಘಂಟಿನ ಕಿಟೆಲ್ ಕೂಡ ಮುಂದೆ ಕೆಲವು ವರ್ಷ ಅಲ್ಲಿದ್ದರು. ನಾನು ಇಷ್ಟು ಓದಿದ ಮೇಲೂ ಒಂದು ಕೊರತೆ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಮೋಗ್ಲಿಂಗ್ ಹುಟ್ಟಿದ ದಿನ ನಮಗೆ ಗೊತ್ತುಂಟು, ಸತ್ತ ದಿನ ಗೊತ್ತುಂಟು. ಕೌಂಡಿನ್ಯರ ಹೆಸರು, ಸೋಮಯ್ಯರ ಹೆಸರು ಗೊತ್ತುಂಟು. ಆದರೆ ಒಡೆಯನ ಮನೆ ಬಿಟ್ಟು ಮೊದಲು ಹೆಜ್ಜೆ ಇಟ್ಟ ಆ ಆಳಿನ ಹೆಸರು ನಾವು ಓದುವ ಯಾವ ಪಠ್ಯದಲ್ಲೂ ಇಲ್ಲ. ಕಾಡು ಕಡಿದು ಗುಂಡಿ ತೋಡಿ ಕಾಫಿ ಗಿಡ ನೆಟ್ಟ ಹೆಂಗಸಿನ ಹೆಸರೂ ಇಲ್ಲ. ಊರು ಕಟ್ಟಿದ್ದು ಅವರ ಕೈ.

ಇನ್ನೊಂದು ಮಾತು. ಧರ್ಮ ಬದಲಾದ ಮಾತ್ರಕ್ಕೆ ಜಾತಿ ಬಿಡುವುದಿಲ್ಲ ಅಂತ ನಮ್ಮ ನೆರೆಮನೆಯ ಕ್ರೈಸ್ತ ಬಂಧುಗಳಿಗೂ ಗೊತ್ತು. 1950ರ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಸಿಗುವುದಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಬ್ಬನಿಗೆ ಸ್ಟೈಪೆಂಡ್ ಬರುತ್ತದೆ, ಇನ್ನೊಬ್ಬನಿಗೆ ಇಲ್ಲ. ಸಂಘದ ಮೀಟಿಂಗಿನಲ್ಲಿ ಇದರ ಬಗ್ಗೆ ಜಗಳ ಆದದ್ದು ನೆನಪಿರಬಹುದು. ಮುಂದಿನ ಸಲ ಜಗಳ ಮಾಡುವ ಮೊದಲು ಆನಂದಪುರಕ್ಕೆ ನಡೆದು ಹೋದವರು ಯಾರ ಮಕ್ಕಳಾಗಿದ್ದರು ಅಂತ ಒಮ್ಮೆ ನೆನೆಸಿಕೊಳ್ಳೋಣ.

ನಮ್ಮ ಕಾಸರಗೋಡಿನಲ್ಲೇ ಹುಟ್ಟಿದ ಕುದ್ಮುಲ್ ರಂಗರಾಯರು ಮಂಗಳೂರಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದದ್ದು 1892ರಲ್ಲಿ. ಅಂದರೆ ಮಂಗಳೂರ ಸಮಾಚಾರ ಬಂದು ಸುಮಾರು ಐವತ್ತು ವರ್ಷದ ಮೇಲೆ. ಅಷ್ಟು ತಡವಾಗಿ ನಮ್ಮ ಕೈಗೆ ಬಂದ ಅಕ್ಷರ ಇದು. ಅದರಿಂದ ನಾವು ಮೊದಲು ಮಾಡಬೇಕಾದ ಕೆಲಸ ನಮ್ಮವರ ಹೆಸರು ಬರೆಯುವುದು. ನಮ್ಮ ಕಾಲೊನಿಯಲ್ಲಿ ಎಂಬತ್ತು ದಾಟಿದ ಅಜ್ಜಿಯರು ಇನ್ನೂ ಇದ್ದಾರೆ. ಅವರ ತಂದೆ ಯಾರ ಗದ್ದೆಯಲ್ಲಿ ದುಡಿದರು, ಯಾವ ವರ್ಷ ಘಾಟಿ ಹತ್ತಿದರು, ಯಾರು ಮೊದಲು ಶಾಲೆಗೆ ಹೋದರು ಅಂತ ಕೇಳಿ ಬರೆದುಕೊಳ್ಳೋಣ. ಫೋನಿನಲ್ಲಿ ರೆಕಾರ್ಡ್ ಮಾಡಿದರೂ ಆಗುತ್ತದೆ. ಬರುವ ವರ್ಷದ ಸಂಚಿಕೆಯಲ್ಲಿ ಅದಕ್ಕೆ ಹತ್ತು ಪುಟ ಇಡಬೇಕು ಅಂತ ಸಂಪಾದಕ ಮಂಡಳಿಯ ಅಣ್ಣ, ಅಕ್ಕಂದಿರಲ್ಲಿ ನನ್ನ ವಿನಂತಿ. ಮೊದಲ ಪುಟಕ್ಕೆ ನನ್ನ ಅಜ್ಜಿಯ ಹೆಸರು ನಾನು ಕೊಡುತ್ತೇನೆ.

ಜೈ ಭೀಮ್.